ರೈಲಿನ ಅಡಿಯಲ್ಲಿ ಆ ಕಬ್ಬಿಣದ ಪಟ್ಟಿ ಯಾಕಿದೆ? – ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ರೈಲಿನ ಏರ್ ಬ್ರೇಕ್ ಬಗ್ಗೆ ಬರೆದ ಮೇಲೆ ಪ್ರಶ್ನೆಗಳು ತುಂಬಾ ಬಂದಿವೆ. ಅದ್ರಲ್ಲಿ ಕೋಚ್‌ನ ಅಡಿಯಲ್ಲಿ ನೇತು ಬಿದ್ದಿರೋ ರಾಡ್, ಪಟ್ಟಿ, ಚೈನ್ ಬಗ್ಗೆ ಕೇಳಿರೋದನ್ನೇ ಆರಿಸ್ಕೊಂಡಿದೀನಿ, ಯಾಕಂದ್ರೆ ಇದನ್ನ ಯಾರೂ ಕೇಳಲ್ಲ ಅಂತ ನನಗೆ ಯಾವಾಗ್ಲೂ ಬೇಜಾರಿತ್ತು.

ಅರಸೀಕೆರೆಯ ಓದುಗರೊಬ್ಬರು: ಸರ್, ಅರಸೀಕೆರೆ ಜಂಕ್ಷನ್‌ನಲ್ಲಿ ಗಾಡಿ ಕಾಯ್ತಾ ಇದ್ದಾಗ ಎದುರು ನಿಂತಿದ್ದ ಹಳೇ ನೀಲಿ ಕೋಚ್ ಅಡಿಯಲ್ಲಿ ನೋಡಿದೆ. ಚಕ್ರದ ಪಕ್ಕ ಅಡ್ಡಕ್ಕೆ ಹೋಗಿರೋ ದಪ್ಪ ಕಂಬಿ, ಅದರ ಕೆಳಗೆ ಯು ಥರ ಬಗ್ಗಿಸಿದ ಕಬ್ಬಿಣದ ಪಟ್ಟಿ. ಆದ್ರೆ ಪಟ್ಟಿ ಕಂಬಿಗೆ ತಾಗೇ ಇಲ್ಲ, ನಡುವೆ ಬೆರಳು ತೂರೋಷ್ಟು ಜಾಗ. ನಟ್ ಸಡಿಲ ಆಗಿ ಇಳಿದಿದ್ಯಾ? ಅದು ಬಿದ್ದೋದ್ರೆ ಗಾಡಿ ಬ್ರೇಕ್ ಇಲ್ದೇ ಹೋಗತ್ತಾ?

ಸಡಿಲ ಆಗಿಲ್ಲ ಸರ್, ಅದು ಇರ್ಬೇಕಾದ್ದೇ ಹಾಗೆ. ಅದು ಸೇಫ್ಟಿ ಸ್ಟ್ರಾಪ್. ಜಾಗ ನೋಡ್ಕೊಂಡು ಸೇಫ್ಟಿ ಬ್ರಾಕೆಟ್ ಅಂತಾನೂ ಅಂತಾರೆ, ಲೂಪ್ ಅಂತಾನೂ ಅಂತಾರೆ, ಕೆಲವು ಕಡೆ ಪಟ್ಟಿ ಬದ್ಲು ಸ್ಟೀಲ್ ವೈರ್ ರೋಪ್ ಹಾಕಿರ್ತಾರೆ. ಎಲ್ಲದರ ಕೆಲಸ ಒಂದೇ, ಮೇಲಿನದು ಕಳಚಿದ್ರೆ ಅದು ಹಳಿ ಮೇಲೆ ಬೀಳ್ದಂಗೆ ಹಿಡ್ಕೊಳ್ಳೋದು.

ನೀವು ನೋಡಿದ ದಪ್ಪ ಕಂಬಿ ಬ್ರೇಕ್ ಬೀಮ್. ಚೆನ್ನೈನ ಪೆರಂಬೂರಿನಲ್ಲಿರೋ ಐಸಿಎಫ್ (ಇಂಟಿಗ್ರಲ್ ಕೋಚ್ ಫ್ಯಾಕ್ಟರಿ) 1955ರಿಂದ ಮಾಡ್ಕೊಂಡು ಬಂದ ಆ ಹಳೇ ಡಿಸೈನ್ ಕೋಚ್‌ನಲ್ಲಿ ಬ್ರೇಕ್ ಹಿಡಿಯೋದು ಚಕ್ರದ ಮೈಗೇ, ಅಂದ್ರೆ ಹಳಿ ಮೇಲೆ ಉರುಳೋ ಭಾಗಕ್ಕೇ. ಬ್ರೇಕ್ ಪೈಪ್‌ನಲ್ಲಿ ಸಾಮಾನ್ಯವಾಗಿ ಚದರ ಸೆಂಟಿಮೀಟರ್‌ಗೆ 5 ಕೆಜಿ ಗಾಳಿ ಇರತ್ತೆ, ಲೋಕೋ ಪೈಲಟ್ ಅದನ್ನ ಇಳಿಸಿದ ತಕ್ಷಣ ಪ್ರತಿ ಕೋಚ್‌ನಲ್ಲೂ ತನ್ನದೇ ಟ್ಯಾಂಕ್‌ನ ಗಾಳಿ ಬ್ರೇಕ್ ಸಿಲಿಂಡರ್‌ಗೆ ನುಗ್ಗತ್ತೆ, ಸಿಲಿಂಡರ್‌ನ ಪಿಸ್ಟನ್ ಲಿವರ್ ತಳ್ಳತ್ತೆ, ಲಿವರ್ ರಾಡ್ ಎಳೆಯತ್ತೆ, ರಾಡ್ ಬೀಮ್ ಎಳೆಯತ್ತೆ, ಬೀಮ್‌ನ ಎರಡು ತುದಿಯಲ್ಲಿರೋ ಬ್ರೇಕ್ ಬ್ಲಾಕ್ ಎರಡು ಚಕ್ರಕ್ಕೆ ಒತ್ಕೊಳ್ಳತ್ತೆ. ಇಷ್ಟೂ ಸೇರ್ಕೊಂಡಿರೋದು ಪಿನ್‌ಗಳಿಂದ, ಆ ಪಿನ್ ಜಾರ್ದಂಗೆ ತಡೆಯೋದು ತುದಿಯಲ್ಲಿ ಕಾಲು ಅಗಲಿಸಿ ಕೂರ್ಸಿರೋ ಒಂದು ಸಣ್ಣ ಕಾಟರ್. ಬೀಮ್ ಅಂತೂ ಉಯ್ಯಾಲೆ ಥರ ಎರಡು ಹ್ಯಾಂಗರ್‌ನಿಂದ ನೇತಾಡ್ತಿರತ್ತೆ.

ಈಗ ಯೋಚ್ನೆ ಮಾಡಿ. ಗಾಡಿ ಓಡಿದಷ್ಟು ಹೊತ್ತೂ ಅಲ್ಲಿ ಅದುರು ನಿಲ್ಲಲ್ಲ, ಕೆಳಗಿಂದ ಜಲ್ಲಿಕಲ್ಲು ಹಾರಿ ಹೊಡೀತಿರತ್ತೆ, ಮಳೆಗಾಲ ಬಂದ್ರೆ ನೀರು, ತುಕ್ಕು, ಅಪರೂಪಕ್ಕೆ ದನ ಸಿಕ್ಕಿ ರಾಡ್ ಬಗ್ಗೋದೂ ಉಂಟು. ಪಿನ್ ಸವೀತಾ ಬರತ್ತೆ, ಪಿನ್ ಕೂತಿರೋ ತೂತು ಮೊಟ್ಟೆ ಆಕಾರಕ್ಕೆ ತಿರುಗತ್ತೆ, ಕಾಟರ್ ಮುರಿದು ಉದುರತ್ತೆ, ಆಮೇಲೆ ಪಿನ್ ಜಾರೋಕೆ ಎಷ್ಟು ಹೊತ್ತು? ಆವಾಗ ಬೀಮ್‌ನ ಹಿಡಿಯೋದು ನೀವು ನೋಡಿದ ಪಟ್ಟಿ. ಅದಕ್ಕೇ ಅದನ್ನ ಹ್ಯಾಂಗರ್ ಪಿನ್‌ಗೇ ಕಟ್ಟಲ್ಲ, ಬೇರೆ ಬೋಲ್ಟ್ ಹಾಕಿ ಬೇರೆ ಜಾಗದಲ್ಲಿ ಕೂರಿಸ್ತಾರೆ, ಒಂದು ಪಿನ್ ಹೋದ್ರೆ ಎರಡೂ ಹೋಗ್ಬಾರ್ದು ಅಂತ.

ಇನ್ನು ನಡುವಿನ ಜಾಗ. ಬ್ರೇಕ್ ಹಾಕಿ ಬಿಟ್ಟಾಗ್ಲೆಲ್ಲ ಬೀಮ್ ಹಿಂದೆ ಮುಂದೆ ಆಡ್ಬೇಕು, ಬ್ಲಾಕ್ ಮತ್ತು ಚಕ್ರ ಸವೆದ ಹಾಗೆ ಅದು ನಿಲ್ಲೋ ಜಾಗಾನೂ ಬದಲಾಗತ್ತೆ, ಹಾಗಾಗಿ ಪಟ್ಟಿ ತಾಗ್ಕೊಂಡಿದ್ರೆ ಎರಡೂ ಒಂದಕ್ಕೊಂದು ಉಜ್ಜಿ ಸವೆದು, ಬೇಕಾದ ದಿನ ಪಟ್ಟೀನೇ ತುಂಡಾಗತ್ತೆ. ಇನ್ನೊಂದು ಕಾರಣ ನನಗೆ ಇದಕ್ಕಿಂತ ಮುಖ್ಯ ಅನ್ಸತ್ತೆ. ಬೀಮ್ ಪಟ್ಟಿ ಮೇಲೆ ಕೂತಿದೆ ಅಂದ್ರೆ ಹ್ಯಾಂಗರ್ ಕೈ ಕೊಟ್ಟಿದೆ ಅಂತ ಟಾರ್ಚ್ ಹಾಕಿ ನೋಡೋನಿಗೆ ಒಂದೇ ನೋಟಕ್ಕೆ ಗೊತ್ತಾಗ್ಬೇಕು. ಜಾಗ ಇದ್ರೆ ಗೊತ್ತಾಗತ್ತೆ, ಮೊದಲಿಂದಲೇ ತಾಗ್ಕೊಂಡಿದ್ರೆ ಹೇಗೆ ಗೊತ್ತಾಗ್ಬೇಕು ಹೇಳಿ? ಪಟ್ಟಿಯ ಒಳಮೈಯಲ್ಲಿ ತುಕ್ಕಿನ ನಡುವೆ ಹೊಸದಾಗಿ ಹೊಳೆಯೋ ಗೆರೆ ಕಂಡ್ರೂ ಸಾಕು, ಅನುಭವ ಇರೋ ಫಿಟ್ಟರ್ ಅಲ್ಲೇ ಬಗ್ಗಿ ಮೇಲಿನ ಪಿನ್ ನೋಡ್ತಾನೆ.

ಬ್ರೇಕ್ ಇಲ್ದೇ ಹೋಗತ್ತಾ ಅಂದ್ರಿ. ಒಂದು ಕೋಚ್‌ನ ಬೀಮ್ ಕಳಚಿದ್ರೆ ಹೆಚ್ಚೆಂದ್ರೆ ಆ ಕೋಚ್‌ನ ಬ್ರೇಕ್ ಹೋಗತ್ತೆ ಅಷ್ಟೆ, ಮಿಕ್ಕ ಕೋಚ್‌ಗಳದ್ದು ಅವುಗಳ ಪಾಡಿಗೆ ಹಿಡಿಯತ್ತೆ. ಬಿದ್ದ ಕಬ್ಬಿಣ ಬಡಿದು ಗಾಳಿ ಪೈಪ್ ಒಡೆದ್ರೂ ಗಾಡಿ ತಾನಾಗೇ ನಿಲ್ಲತ್ತೆ, ವೆಸ್ಟಿಂಗ್‌ಹೌಸ್ 1870ರ ದಶಕದಲ್ಲಿ ತಂದ ಆಟೋಮ್ಯಾಟಿಕ್ ಬ್ರೇಕ್‌ನ ತತ್ವಾನೇ ಅದು, ಗಾಳಿ ಹೋದ್ರೆ ಬ್ರೇಕ್ ಬೀಳ್ಬೇಕು. ಭಯ ಇರೋದು ಬ್ರೇಕ್ ಹೋಗೋದ್ರಲ್ಲಿ ಅಲ್ಲ, ಬಿದ್ದ ಕಬ್ಬಿಣದಲ್ಲಿ. ಅದು ಮುಂದಿನ ಪ್ರಶ್ನೆಯಲ್ಲೇ ಇದೆ.

ದಾವಣಗೆರೆಯ ಡಿಪ್ಲೊಮಾ ಮೆಕ್ಯಾನಿಕಲ್ ವಿದ್ಯಾರ್ಥಿ: ಅಷ್ಟು ಭಾರದ ರೈಲನ್ನ ಒಂದು ರಾಡ್ ಬಿದ್ದು ಹಳಿ ತಪ್ಸತ್ತೆ ಅನ್ನೋದು ನಂಬೋಕಾಗಲ್ಲ ಸರ್. ಚಕ್ರ ಅದನ್ನ ಪುಡಿ ಮಾಡಿ ಹೋಗಲ್ವಾ?

ತಮ್ಮಾ, ಪುಡಿ ಮಾಡಿ ಹೋಗೋದೂ ಇದೆ, ಯಾವಾಗ್ಲೂ ಅನಾಹುತ ಆಗತ್ತೆ ಅಂತಲ್ಲ. ಆದ್ರೆ ಯಾವಾಗ ಆಗತ್ತೆ ಅಂತ ಮೊದ್ಲೇ ಹೇಳೋಕಾಗಲ್ಲ, ಅದೇ ಕಷ್ಟ.

ಚಕ್ರದ ಒಳಗಡೆ ಇರೋ ಫ್ಲಾಂಜ್, ಅಂದ್ರೆ ಹಳಿಗೆ ಒರಗಿ ದಾರಿ ಹಿಡಿಸೋ ಅಂಚು, ಬರೀ ಮೂರು ಸೆಂಟಿಮೀಟರ್ ಆಸುಪಾಸು. ಚಕ್ರ ಒಂದು ಕಬ್ಬಿಣದ ಮೇಲೆ ಹತ್ತಿ ಅಷ್ಟು ಎದ್ರೆ ಸಾಕು, ಆಮೇಲೆ ಅದನ್ನ ಹಳಿ ಮೇಲೆ ಹಿಡ್ಕೊಳ್ಳೋದು ಏನೂ ಇಲ್ಲ. ಸಾದಾ ನೇರ ಹಳಿಯಲ್ಲಿ ಬಿದ್ದ ಬೀಮ್ ಎರಡು ಹಳಿ ನಡುವೆ ಸ್ಲೀಪರ್ (ಹಳಿ ಅಡಿಯ ಅಡ್ಡ ದಿಮ್ಮಿ) ಮೇಲೆ ಕುಟ್ಕೊಂಡು ಎಳೆದಾಡಿ ಬರ್ಬಹುದು, ಎಷ್ಟೋ ಸಲ ಹಾಗೇ ಬರತ್ತೆ. ಸ್ಟೇಷನ್ ಹತ್ರ ಪಾಯಿಂಟ್ಸ್, ಅಂದ್ರೆ ಗಾಡಿ ಒಂದು ಲೈನ್‌ನಿಂದ ಇನ್ನೊಂದಕ್ಕೆ ತಿರುಗೋ ಜಾಗ, ಬಂತು ನೋಡು, ಅಲ್ಲಿ ಕಥೆ ಬೇರೆ. ಅಲ್ಲಿ ದಾರಿ ಬದಲಿಸೋಕೆ ಆಚೀಚೆ ಸರಿಯೋ ಟಂಗ್ ರೈಲ್ ಇದೆ, ಹಳಿಗಳು ಒಂದನ್ನೊಂದು ದಾಟೋ ಕ್ರಾಸಿಂಗ್ ಇದೆ, ಚಕ್ರ ಸರಿದು ಹೋಗದಂಗೆ ಪಕ್ಕದಲ್ಲಿ ಹಾಕಿರೋ ಚೆಕ್ ರೈಲ್ ಇದೆ, ಹಳಿಗೂ ಹಳಿಗೂ ನಡುವೆ ಕಿರಿದಾದ ಸಂದಿಗಳು, ಟಂಗ್ ರೈಲ್ ಎಳೆಯೋ ರಾಡ್‌ಗಳು ಅಡ್ಡಕ್ಕೆ ಹಾದಿರ್ತವೆ. ಎಳೆದಾಡ್ಕೊಂಡು ಬಂದ ಬೀಮ್ ಆ ಸಂದಿಗೆ ಸಿಕ್ಕಿ ನಿಂತ್ರೆ ಹಿಂದಿನ ಚಕ್ರ ಅದರ ಮೇಲೇ ಬರತ್ತೆ, ಇಲ್ಲಾಂದ್ರೆ ಆ ರಾಡ್‌ಗಳಿಗೆ ಬಡಿದು ಗಾಡಿ ಅಡಿಯಲ್ಲೇ ಪಾಯಿಂಟ್ ಸಡಿಲ ಆಗತ್ತೆ, ಮುಂದಿನ ಕೋಚ್ ಒಂದು ಲೈನ್‌ಗೆ ಹಿಂದಿನದು ಇನ್ನೊಂದು ಲೈನ್‌ಗೆ.

ಉದ್ದ ರಾಡ್ ಆದ್ರೆ ಯಾವ ತುದಿ ಬಿತ್ತು ಅನ್ನೋದ್ರ ಮೇಲೆ ಹೋಗತ್ತೆ. ಹಿಂದಿನ ತುದಿ ಬಿದ್ರೆ ಬಾಲದಂತೆ ಎಳೆದಾಡತ್ತೆ, ಸದ್ದು ಬರತ್ತೆ, ಕಿಡಿ ಕಾಣತ್ತೆ, ಯಾರೋ ನೋಡ್ತಾರೆ. ಗಾಡಿ ಹೋಗೋ ದಿಕ್ಕಿನ ತುದಿ ಬಿದ್ರೆ ಅದು ಸ್ಲೀಪರ್‌ಗೋ ಜಲ್ಲಿಗೋ ನಾಟ್ಕೊಳ್ಳತ್ತೆ, ಗಾಡಿ ಗಂಟೆಗೆ 110 ಕಿ.ಮೀ.ನಲ್ಲಿದ್ರೆ ಸೆಕೆಂಡ್‌ಗೆ 30 ಮೀಟರ್, ಆ ರಾಡ್ ಒಂದು ಸೆಕೆಂಡ್‌ನ ಸಣ್ಣ ಪಾಲಿನಲ್ಲಿ ನೆಟ್ಟಗಾಗಿ ಮೇಲಕ್ಕೆ ಬರತ್ತೆ, ಮೇಲೆ ಇರೋದು ಕೋಚ್‌ನ ನೆಲ, ನೆಲದ ಮೇಲೆ ಜನ. ಹಾಗಾಗಿ ರಾಡ್‌ಗೆ ಪಟ್ಟಿ ಹಾಕುವಾಗ ಎಲ್ಲೋ ಮಧ್ಯ ಒಂದು ಹಾಕಿದ್ರೆ ಆಗಲ್ಲ, ಯಾವ ತುದಿ ಕಳಚಿದ್ರೂ ಆ ತುದಿ ಹಳಿ ಮಟ್ಟಕ್ಕೆ ಇಳಿಯದ ಜಾಗ ನೋಡಿ ಹಾಕ್ಬೇಕು. ನಿನ್ನ ಪ್ರಾಜೆಕ್ಟ್‌ಗೆ ಒಳ್ಳೇ ವಿಷಯ ಇದು: ಪಟ್ಟಿ ಹೊರ್ಬೇಕಾದ್ದು ಬೀಮ್‌ನ ತೂಕ ಮಾತ್ರ ಅಲ್ಲ, ಅದು ಬಿದ್ದ ಪೆಟ್ಟು, ಆಮೇಲೆ ಮುಂದಿನ ಸ್ಟೇಷನ್ ತನಕದ ಕುಲುಕಾಟ. ಲೆಕ್ಕ ಹಾಕಿ ನೋಡು.

ತಿಪಟೂರು ಹತ್ತಿರದ ಹಳ್ಳಿಯಿಂದ ಗೃಹಿಣಿಯೊಬ್ಬರು: ನಮ್ಮೂರ ಗೇಟ್‌ನಲ್ಲಿ ಗಾಡಿ ಹೋಗೋವರ್ಗೂ ಗೇಟ್‌ಮನ್ ಅಣ್ಣ ಬಾವುಟ ಹಿಡ್ಕೊಂಡು ಚಕ್ರಾನೇ ದಿಟ್ಟಿಸ್ತಾ ನಿಂತಿರ್ತಾರೆ. ಗೇಟ್ ಹಾಕಿ ಆಯ್ತಲ್ಲ, ಇನ್ನೇನು ನೋಡ್ತಾರೆ?

ಅಮ್ಮ, ಅವರು ನೋಡ್ತಿರೋದು ಇದನ್ನೇ. ಗಾಡಿ ಅಡಿಯಲ್ಲಿ ಏನಾದ್ರೂ ನೇತಾಡ್ತಿದ್ಯಾ, ಎಳೆದಾಡ್ತಿದ್ಯಾ, ಹೊಗೆ ಬರ್ತಿದ್ಯಾ, ಆಕ್ಸಲ್ ಕಾದು ಕೆಂಪಾಗಿದ್ಯಾ, ಬಾಗಿಲು ತೆರ್ಕೊಂಡು ಬಡೀತಿದ್ಯಾ. ರೈಲ್ವೆಯವರ ಬಾಯಲ್ಲಿ ಇದು "ಹ್ಯಾಂಗಿಂಗ್ ಪಾರ್ಟ್ಸ್, ಹಾಟ್ ಆಕ್ಸಲ್". ಎಲ್ಲಾ ಸರಿ ಇದ್ರೆ ಹಸಿರು, ಏನಾದ್ರೂ ಕಂಡ್ರೆ ಕೆಂಪು ಬಾವುಟ ಬೀಸ್ತಾರೆ, ರಾತ್ರಿ ಆದ್ರೆ ಕೆಂಪು ದೀಪ, ಜೊತೆಗೆ ಸ್ಟೇಷನ್ ಮಾಸ್ಟರ್‌ಗೆ ಫೋನ್. ಗಾಡಿ ನಿಲ್ಲದೇ ಹೋಗೋ ಸ್ಟೇಷನ್‌ನಲ್ಲೂ ಮಾಸ್ಟರ್ ಹೊರಗೆ ಬಂದು ನಿಂತಿರೋದು ಇದಕ್ಕೇ.

ಹುಬ್ಬಳ್ಳಿ, ಬೆಂಗಳೂರಿನಂಥ ದೊಡ್ಡ ಸ್ಟೇಷನ್‌ಗೆ ಗಾಡಿ ಒಳಗೆ ಬರುವಾಗ ಪ್ಲಾಟ್‌ಫಾರಂ ತುದಿಯಲ್ಲಿ ಇಬ್ರು ಹಳಿಯ ಆಚೆ ಈಚೆ ಕುಕ್ಕರಗಾಲಲ್ಲಿ ಕೂತು ಚಕ್ರದ ಮಟ್ಟಕ್ಕೆ ಕಣ್ಣಿಟ್ಟಿರ್ತಾರೆ, ರಾತ್ರಿ ಆದ್ರೆ ಲೈಟ್ ಹಾಕ್ಕೊಂಡು. ಅದು ರೋಲಿಂಗ್ ಇನ್ ಎಕ್ಸಾಮಿನೇಷನ್. ಓಡ್ತಿರೋ ಚಕ್ರದಲ್ಲಿ ಕಾಣೋ ಕೆಲವು ದೋಷ ನಿಂತ ಚಕ್ರದಲ್ಲಿ ಕಾಣಲ್ಲ. ಕಣ್ಣಿಗಿಂತ ಕಿವಿ ಮುಂದೆ ಇಲ್ಲಿ, ಚಕ್ರ ಒಂದೇ ತಾಳದಲ್ಲಿ ಟಕ್ ಟಕ್ ಅಂದ್ರೆ ಮೈ ಚಪ್ಪಟೆಯಾಗಿದೆ, ಗಲಗಲ ಅಂದ್ರೆ ಏನೋ ಕಳಚಿದೆ.

ನೀವು ಆ ಅಣ್ಣನ್ನ ಗಮನಿಸಿ ಬರೆದ್ರಲ್ಲ, ಅದು ನನಗೆ ಬಹಳ ಖುಷಿ ಕೊಟ್ಟಿತು. ಪಟ್ಟಿ ಎಷ್ಟೇ ಗಟ್ಟಿ ಇದ್ರೂ ಅದು ಊರು ತಲುಪಿಸೋಕೆ ಮಾಡಿದ್ದಲ್ಲ, ಯಾರಾದ್ರೂ ನೋಡೋ ತನಕ ಹಿಡ್ಕೊಂಡಿರೋಕೆ ಮಾಡಿದ್ದು. ನೋಡೋರೇ ಇಲ್ಲಾಂದ್ರೆ ಒಂದು ದಿನ ಪಟ್ಟೀನೂ ಹೋಗತ್ತೆ. ಗೇಟ್ ತೆಗೆದು ಅಂಡರ್‌ಪಾಸ್ ಮಾಡೋದು ಸರಿಯಾದ ಕೆಲಸ, ರಸ್ತೆಯಲ್ಲಿ ಪ್ರಾಣ ಉಳಿಯತ್ತೆ, ಆದ್ರೆ ಒಂದೊಂದು ಗೇಟ್ ಹೋದಾಗ ಗಾಡಿಯ ಅಡಿ ನೋಡೋ ಒಂದು ಜೊತೆ ಕಣ್ಣೂ ಹೋಗತ್ತೆ, ಆ ಜಾಗಕ್ಕೆ ಯಂತ್ರ ಇಡ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಹಾಸನದಿಂದ: ಸಕಲೇಶಪುರ ದಾಟಿ ಘಾಟ್ ಇಳಿಯುವಾಗ ಸುಟ್ಟ ವಾಸನೆ ಬರತ್ತೆ, ಅಮ್ಮ ಹೆದರ್ಕೊಳ್ತಾರೆ. ಆವಾಗ ಬ್ರೇಕ್ ಭಾಗ ಕಳಚೋ ಅಪಾಯ ಜಾಸ್ತಿ ಅಲ್ವಾ?

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ ಇಳಿಜಾರು 50ಕ್ಕೆ 1, ಅಂದ್ರೆ 50 ಮೀಟರ್ ಹೋದ್ರೆ 1 ಮೀಟರ್ ಇಳಿತ. ನಮ್ಮ ಕ್ಯಾಸಲ್‌ರಾಕ್‌ನಿಂದ ಗೋವಾ ಕಡೆಯ ಕುಳೆಮ್‌ಗೆ ಇಳಿಯೋದು ಇನ್ನೂ ಕಡಿದು, 37ಕ್ಕೆ 1. ಅಲ್ಲಿ ಬ್ರೇಕ್ ಕೆಲಸ ಮಾಡ್ತಾನೇ ಇರ್ಬೇಕು, ಬ್ಲಾಕ್ ಕಾಯತ್ತೆ, ಆ ವಾಸನೆ ಸ್ವಲ್ಪ ಸಹಜ, ಅಮ್ಮನಿಗೆ ಧೈರ್ಯ ಹೇಳಿ. ಅಲ್ಲಿ ವೇಗಕ್ಕೆ ಕಟ್ಟುನಿಟ್ಟಾದ ಮಿತಿ ಇದೆ.

ನಿಮ್ಮ ಅನುಮಾನದಲ್ಲೂ ಹುರುಳಿದೆ. ತಿರುಗೋ ಚಕ್ರ ತನಗೆ ಒತ್ಕೊಂಡ ಬ್ಲಾಕನ್ನ ತನ್ನ ಜೊತೆಗೇ ಎಳ್ಕೊಂಡು ಹೋಗೋಕೆ ನೋಡತ್ತೆ, ಅದನ್ನ ಹೋಗಗೊಡದೆ ಹಿಡಿಯೋದು ಹ್ಯಾಂಗರ್ ಮತ್ತು ಅದರ ಪಿನ್. ಬಯಲು ಸೀಮೆಯಲ್ಲಿ ಒಂದು ನಿಮಿಷ ಇರೋ ಆ ಎಳೆತ ಘಾಟ್‌ನಲ್ಲಿ ಬಹಳ ಹೊತ್ತು ಇರತ್ತೆ. ಅದಕ್ಕೇ ಘಾಟ್‌ಗೆ ಹೋಗೋ ಗಾಡಿಯ ಬ್ರೇಕ್ ಬಗ್ಗೆ ಕಾಳಜಿ ಜಾಸ್ತಿ.

ಹೆದರ್ಬೇಕಾದ ವಾಸನೆ ಬೇರೆ ಇದೆ. ಸಮತಟ್ಟು ಜಾಗ, ಗಾಡಿ ಜೋರಾಗಿ ಓಡ್ತಿದೆ, ಬ್ರೇಕ್ ಹಾಕಿಲ್ಲ, ಆದ್ರೂ ನಿಮ್ಮ ಒಂದೇ ಕೋಚ್ ಅಡಿಯಿಂದ ವಾಸನೆ, ಹೊಗೆ. ಅದು ಬ್ರೇಕ್ ಬೈಂಡಿಂಗ್, ಬ್ಲಾಕ್ ಚಕ್ರ ಬಿಡ್ತಾ ಇಲ್ಲ ಅಂತ ಅರ್ಥ. 2020ರ ಆಗಸ್ಟ್ 26ರ ರಾತ್ರಿ ಬ್ರಿಟನ್ನಿನ ವೇಲ್ಸ್‌ನಲ್ಲಿ ಲ್ಯಾಂಗೆನ್ನೆಕ್ ಅನ್ನೋ ಊರಲ್ಲಿ ಎಣ್ಣೆ ಟ್ಯಾಂಕರ್ ಗಾಡಿಗೆ ಆಗಿದ್ದು ಹೀಗೇ. ಒಂದು ವ್ಯಾಗನ್‌ನ ಬ್ರೇಕ್ ಬಿಡದೇ ಚಕ್ರ ಉರುಳೋ ಬದ್ಲು ಜಾರ್ಕೊಂಡೇ ಬಂತು, ಮೈ ಸವೆದು ಆಕಾರ ಕೆಟ್ಟಿತು, ಪಾಯಿಂಟ್ಸ್ ಹತ್ರ ಬಂದಾಗ ಹಳಿ ತಪ್ಪಿ ಕೆಲವು ವ್ಯಾಗನ್‌ಗಳು ಉರುಳಿ ಬೆಂಕಿ ಹತ್ಕೊಳ್ತು. ಕಾರಣ ಹುಡುಕ್ತಾ ಹೋದ್ರೆ ಸಿಕ್ಕಿದ್ದು ಬ್ರೇಕ್ ಸಿಸ್ಟಮ್‌ನಲ್ಲಿ ಸಡಿಲ ಆಗಿದ್ದ ಒಂದು ಜೋಡಣೆ. ನಮ್ಮಲ್ಲಿ ಕೋಚ್ ಚಕ್ರದಲ್ಲಿ 50 ಮಿಲಿಮೀಟರ್‌ಗಿಂತ ಉದ್ದದ ಚಪ್ಪಟೆ ಕಂಡ್ರೆ ಓಡೋಕೆ ಬಿಡಲ್ಲ, ಅದು ಸುಮ್ನೆ ಮಾಡಿದ ನಿಯಮ ಅಲ್ಲ.

ಮೈಸೂರಿನಿಂದ: ಕೋಚ್ ಅಡಿಯಲ್ಲಿ ದೊಡ್ಡ ಮೋಟಾರ್ ಥರದ್ದಕ್ಕೆ ಬೆಲ್ಟ್, ಪಕ್ಕದಲ್ಲಿ ಚೈನ್ ಜೋಲಾಡ್ತಿತ್ತು. ಹೇಳ್ಬೇಕಿತ್ತಾ?

ಅದು ಆಲ್ಟರ್ನೇಟರ್, ಲೈಟ್ ಫ್ಯಾನ್‌ಗೆ ಕರೆಂಟ್ ಮಾಡೋದು. ಚೈನ್ ಸೇಫ್ಟಿ ಚೈನ್, ಎರಡೂ ತುದಿ ಕಟ್ಟಿದ್ರೆ ಸ್ವಲ್ಪ ಜೋಲು ಇರೋದು ಸರಿ. ಒಂದು ತುದಿ ಬಿಚ್ಕೊಂಡು ಹಳಿ ಕಡೆ ಇಳಿದಿದ್ರೆ ಹೇಳ್ಲೇಬೇಕು.

ಬೆಂಗಳೂರಿನಿಂದ: ಈಗಿನ ಎಲ್‌ಎಚ್‌ಬಿ (ಹೊಸ ಡಿಸೈನ್ ಕೋಚ್), ವಂದೇ ಭಾರತ್‌ನಲ್ಲಿ ಈ ತೊಂದರೆ ಇದ್ಯಾ?

ಬಹಳ ಕಮ್ಮಿ. ಪೆರಂಬೂರಿನಲ್ಲಿ ಹಳೇ ಡಿಸೈನ್ ಕೋಚ್ ಮಾಡೋದನ್ನ 2018ರಲ್ಲಿ ನಿಲ್ಲಿಸಿದ್ರು. ಎಲ್‌ಎಚ್‌ಬಿಯಲ್ಲಿ ಪ್ರತಿ ಆಕ್ಸಲ್ ಮೇಲೆ 640 ಮಿಲಿಮೀಟರ್ ವ್ಯಾಸದ ಎರಡು ಡಿಸ್ಕ್, ಅದನ್ನ ಹಿಡಿಯೋ ಕ್ಯಾಲಿಪರ್, ಸಿಲಿಂಡರ್ ಪಕ್ಕದಲ್ಲೇ. ಉದ್ದುದ್ದ ರಾಡ್, ಅಡ್ಡ ಬೀಮ್ ಇಲ್ಲ, ಬೀಳೋ ಭಾಗಗಳೇ ಕಮ್ಮಿ. ಇಲ್ಲೂ ಬೋಲ್ಟ್ ಇದೆ ಪಿನ್ ಇದೆ, ಹಾಗಾಗಿ ಪಿಟ್ ಲೈನ್‌ನಲ್ಲಿ, ಅಂದ್ರೆ ಹಳಿ ನಡುವೆ ಗುಂಡಿ ತೋಡಿರೋ ಜಾಗದಲ್ಲಿ, ಅಡಿಗೆ ಇಳಿದು ನೋಡೋ ಕೆಲಸ ತಪ್ಪಿಲ್ಲ. ಡಿಸ್ಕ್ ಒಳಗಡೆ ಇರೋದ್ರಿಂದ ಬ್ರೇಕ್ ಹಿಡಿದಿದ್ಯಾ ಬಿಟ್ಟಿದ್ಯಾ ಹೊರಗಿಂದ ಕಾಣಲ್ಲ, ಅದಕ್ಕೆ ಕೋಚ್‌ನ ಪಕ್ಕದಲ್ಲಿ ಕೆಳಗಡೆ ಸಣ್ಣ ಕಿಟಕಿಯಂಥ ಇಂಡಿಕೇಟರ್ ಇರತ್ತೆ, ಹಸಿರು ಅಂದ್ರೆ ಬಿಟ್ಟಿದೆ, ಕೆಂಪು ಅಂದ್ರೆ ಹಿಡಿದಿದೆ. ಮುಂದಿನ ಸಲ ಪ್ಲಾಟ್‌ಫಾರಂನಲ್ಲಿ ನಿಂತಾಗ ಹುಡುಕಿ.

ಅಮೆರಿಕದ ಶಿಕಾಗೋದಿಂದ ಕನ್ನಡದ ಓದುಗರು: ಇಲ್ಲಿ ಮೈಲುಗಟ್ಟಲೆ ಉದ್ದದ ಗೂಡ್ಸ್ ಗಾಡಿ ನೋಡ್ತೀನಿ, ಗಾರ್ಡ್ ಇಲ್ಲ, ಗೇಟ್‌ಮನ್ ಇಲ್ಲ. ಇಲ್ಲಿ ಯಾರು ನೋಡ್ತಾರೆ?

ಅಲ್ಲಿ ಆ ಕೆಲಸ ಹಳಿ ಪಕ್ಕದ ಯಂತ್ರದ್ದು. ಎರಡು ಹಳಿ ನಡುವೆ ಹಳಿಗಿಂತ ತಗ್ಗಿನಲ್ಲಿ ಒಂದು ತಗಡು ನಿಲ್ಲಿಸಿರ್ತಾರೆ, ಡ್ರ್ಯಾಗಿಂಗ್ ಇಕ್ವಿಪ್‌ಮೆಂಟ್ ಡಿಟೆಕ್ಟರ್ ಅಂತ, ನೇತಾಡೋ ಕಬ್ಬಿಣ ಅದಕ್ಕೆ ಬಡಿದ ತಕ್ಷಣ ಗಾಡಿಯವರಿಗೆ ರೇಡಿಯೋದಲ್ಲಿ ಸುದ್ದಿ ಹೋಗತ್ತೆ. ನಾನು ಮೇಲೆ ಯಂತ್ರ ಇಡ್ಬೇಕು ಅಂದಿದ್ದು ಇಂಥದ್ದನ್ನೇ.

ನಿಯಮಾನೂ ಇದೆ. ಅಲ್ಲಿನ ಫೆಡರಲ್ ಬ್ರೇಕ್ ನಿಯಮದಲ್ಲಿ ಬ್ರೇಕ್‌ನ ಎಲ್ಲಾ ಭಾಗ ಭದ್ರವಾಗಿರ್ಬೇಕು ಅಂತ ಹೇಳಿ, ಎರಡು ಬ್ರೇಕ್ ಬೀಮ್‌ಗಳ ಲಿವರ್ ಸೇರಿಸೋ ಬಾಟಮ್ ರಾಡ್‌ಗೆ ಸೇಫ್ಟಿ ಸಪೋರ್ಟ್ ಯಾವಾಗ ಬೇಡ ಅಂತಾನೂ ಬರೆದಿದ್ದಾರೆ: ಆ ರಾಡ್ ಬೋಲ್‌ಸ್ಟರ್‌ನ, ಅಂದ್ರೆ ಚಕ್ರಗಳ ಚೌಕಟ್ಟಿನ ನಡುವಿನ ಅಡ್ಡ ತೊಲೆಯ, ಒಳಗಿಂದ ಹಾದು ಹೋಗಿದ್ರೆ, ಇಲ್ಲಾ ತಾನಾಗೇ ಬಿಚ್ಕೊಳ್ಳದಂಥ ಲಾಕ್ ಇರೋ ಕಾಟರ್ ಹಾಕಿದ್ರೆ ಬೇಡ. ಕಾರಣ ಸುಲಭ, ಬೋಲ್‌ಸ್ಟರ್ ಒಳಗಿಂದ ಹೋದ ರಾಡ್ ಕಳಚಿದ್ರೂ ಬೋಲ್‌ಸ್ಟರ್ರೇ ಅದನ್ನ ಹಿಡ್ಕೊಳ್ಳತ್ತೆ. ನಮ್ಮ ಗೂಡ್ಸ್ ವ್ಯಾಗನ್‌ನ ಕ್ಯಾಸ್ನಬ್ ಬೋಗಿಯೂ (ಬೋಗಿ ಅಂದ್ರೆ ಇಲ್ಲಿ ಡಬ್ಬಿ ಅಲ್ಲ, ಅದರ ಅಡಿಯ ಚಕ್ರಗಳ ಚೌಕಟ್ಟು) ಅದೇ ಜಾತಿಯದ್ದು, ಎರಡು ಸೈಡ್ ಫ್ರೇಮ್, ನಡುವೆ ಒಂದು ಬೋಲ್‌ಸ್ಟರ್. ಬೀಮ್‌ನ ಎರಡು ತುದಿ ಸೈಡ್ ಫ್ರೇಮ್‌ನ ಪಾಕೆಟ್ ಒಳಗೆ ಕೂತು ಜಾರ್ತಾ ಇರತ್ತೆ, ಹ್ಯಾಂಗರ್ರೇ ಇಲ್ಲ. ಒಳ್ಳೇ ಪಟ್ಟಿ ಹಾಕೋದಕ್ಕಿಂತ ಪಟ್ಟಿ ಬೇಡದಂಗೆ ಡಿಸೈನ್ ಮಾಡೋದು ಮೇಲು, ಅದನ್ನ ಅವರು ಮಾಡಿ ತೋರ್ಸಿದ್ದಾರೆ.

ಬೀರೂರಿನಿಂದ: ಪ್ರಯಾಣಿಕರು ಏನಾದ್ರೂ ಕಂಡ್ರೆ ಯಾರಿಗೆ ಹೇಳೋದು? ನಮ್ಮ ಹೊಲದ ಪಕ್ಕ ಹಳಿ ಹತ್ರ ಒಂದು ದಪ್ಪ ಪಿನ್, ಬ್ರೇಕ್ ಬ್ಲಾಕ್ ತುಂಡು ಸಿಕ್ಕಿದೆ, ಮನೇಲಿಟ್ಟಿದೀನಿ.

ಗಾಡಿ ನಿಂತಿದ್ರೆ ಗಾರ್ಡ್‌ಗೆ, ಈಗ ಅವರನ್ನ ಟ್ರೈನ್ ಮ್ಯಾನೇಜರ್ ಅಂತಾರೆ, ಇಲ್ಲಾ ಸ್ಟೇಷನ್ ಮಾಸ್ಟರ್‌ಗೆ ಹೇಳಿ. ಓಡ್ತಿದ್ರೆ ಟಿಟಿಇಗೆ, ಅವರು ಸಿಗದಿದ್ರೆ 139ಕ್ಕೆ ಫೋನ್ ಮಾಡಿ ಗಾಡಿ ನಂಬರ್, ಕೋಚ್ ನಂಬರ್ ಕೊಡಿ. ಅಡಿಯಿಂದ ಕಬ್ಬಿಣ ಬಡಿಯೋ ಸದ್ದು ನಿಲ್ಲದೇ ಬರ್ತಿದ್ರೆ, ಹೊಗೆ ಕಿಡಿ ಕಂಡ್ರೆ, ಚೈನ್ ಎಳೀರಿ. ಸಕಾರಣ ಇಲ್ದೇ ಎಳೆದವರಿಗೆ ಮಾತ್ರ 1989ರ ರೈಲ್ವೆ ಕಾಯ್ದೆಯ 141ನೇ ಸೆಕ್ಷನ್, ಇದು ಸಕಾರಣಾನೇ. ನೀವಾಗೇ ಇಳಿದು ಕೋಚ್ ಅಡಿಗೆ ಮಾತ್ರ ತೂರ್ಬೇಡಿ.

ಆ ಪಿನ್ ಮನೇಲಿಡ್ಬೇಡಿ ಸ್ವಾಮಿ. ಸವೆದು ಎಸೆದ ಬ್ಲಾಕ್ ತುಂಡು ಹಳಿ ಪಕ್ಕ ಸಿಗೋದು ಉಂಟು, ಆದ್ರೆ ಪಿನ್ ಅಂದ್ರೆ ಯಾವುದೋ ಗಾಡಿಯಲ್ಲಿ ಒಂದು ಜಾಗ ಖಾಲಿ ಇದೆ ಅಂತ. ದಿನಾ ಬೆಳಿಗ್ಗೆ ಹಳಿ ಮೇಲೆ ಸ್ಪ್ಯಾನರ್ ಹೊತ್ಕೊಂಡು ನಡೆಯೋ ಕೀಮನ್ ನಿಮ್ಮ ಹೊಲದ ಪಕ್ಕಾನೇ ಬರ್ತಾರೆ, ಅವರ ಕೈಗೆ ಕೊಡಿ. ಜೊತೆಗೆ ಯಾವ ದಿನ ಸಿಕ್ತು, ಯಾವ ಲೈನ್ ಪಕ್ಕ, ಹತ್ತಿರದ ಕರೆಂಟ್ ಕಂಬದ ಮೇಲೆ ಬರೆದಿರೋ ನಂಬರ್ ಏನು ಅಂತ ಒಂದು ಚೀಟಿಯಲ್ಲಿ ಬರೆದುಕೊಡಿ, ಆ ನಂಬರ್‌ನಲ್ಲೇ ಕಿಲೋಮೀಟರ್ ಲೆಕ್ಕ ಇರತ್ತೆ. ಪಿನ್‌ನ ತುದಿಯಲ್ಲಿ ಕಾಟರ್ ತುಂಡು ಸಿಕ್ಕೊಂಡಿದ್ರೆ ಅದನ್ನ ಕೀಳ್ಬೇಡಿ, ಮುರಿದು ಬಿದ್ದಿದ್ಯಾ ಹಾಕೋದೇ ಮರೆತಿದ್ರಾ ಅನ್ನೋದು ಟಿಎಕ್ಸ್‌ಆರ್ (ಗಾಡಿ ಪರೀಕ್ಷೆ ಮಾಡೋ) ಆಫೀಸಿನವರಿಗೆ ಅದರಿಂದಲೇ ಗೊತ್ತಾಗೋದು.